ಮನೆ ಚಿಕ್ಕದು, ಕೊಟ್ಟಿಗೆ ದೊಡ್ಡದು

ಕೊಟ್ಟಿಗೆ ಮಾರ್ತೀರಾ ಅಂತ ಒಬ್ಬ ಕೇಳಿಕೊಂಡು ಬಂದ. ಇದೆಲ್ಲ ಶುರುವಾಗಿದ್ದು ಅಲ್ಲಿಂದ.

ನಾವಿರುವುದು ಕೆನಡಾದ ಒಟ್ಟಾವಾದಲ್ಲಿ. ಮೂರು ವರ್ಷದ ಹಿಂದೆ, ಅಲ್ಲಿಂದ ಪಶ್ಚಿಮಕ್ಕೆ ಒಂದೂವರೆ ಗಂಟೆ ದಾರಿಯಲ್ಲಿ, ಓಪಿಯಾಂಗೊ ರಸ್ತೆಯ ಪಕ್ಕ ಒಂದು ಹಳೇ ಜಾಗ ತಗೊಂಡೆವು. ಡೇಕರ್ ಮತ್ತು ಬ್ರೂಡನೆಲ್ ಅನ್ನೋ ಎರಡು ಸಣ್ಣ ಊರುಗಳ ನಡುವೆ ಎಲ್ಲೋ. ನಾನು ಮಲೆನಾಡಿನ ಸಾಗರದ ಕಡೆಯವಳು. ಗುಡ್ಡ, ಕಾಡು, ಮಣ್ಣಿನ ರಸ್ತೆ ಕಂಡರೆ ಕಾಲು ತಾನಾಗಿ ಅತ್ತ ತಿರುಗುತ್ತದೆ. ಗಂಡ ಬೆಂಗಳೂರಿನವನು. ಅವನ ಲೆಕ್ಕದಲ್ಲಿ ಇದು ದುಡ್ಡು ಜಾಸ್ತಿಯಾದವರ ಕೆಲಸ, ನಮ್ಮಲ್ಲಿ ದುಡ್ಡೂ ಜಾಸ್ತಿ ಇರಲಿಲ್ಲ.

ಜಾಗದಲ್ಲಿ ಏನಿತ್ತು ಅಂದರೆ, ಈಗಿನ ಕಾಲದ ಒಂದು ಸಾಧಾರಣ ಮನೆ, ಅದರ ಹಿಂದೆ ಹಳೇ ಮನೆಯ ಕಲ್ಲಿನ ಪಾಯ, ಆಮೇಲೆ ಈ ಕೊಟ್ಟಿಗೆ. ಚೌಕ ಕೆತ್ತಿದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ, ಮೂಲೆಯಲ್ಲಿ ಹಲ್ಲಿಗೆ ಹಲ್ಲು ಕೂರಿಸಿ ಕಟ್ಟಿದ್ದು. ಅರವತ್ತು ಅಡಿ ಉದ್ದ. ಮಾಡು ಒಂದು ಕಡೆ ಕುಸಿದಿತ್ತು. ಹಳೇ ಕೊಟ್ಟಿಗೆಗಳ ಮರಕ್ಕೆ ಇಲ್ಲಿ ಒಳ್ಳೆ ಬೆಲೆ. ಊರಿನ ದೊಡ್ಡ ಹೋಟೆಲುಗಳ ಗೋಡೆಗೆ, ಶ್ರೀಮಂತರ ಊಟದ ಮೇಜಿಗೆ ಹೋಗುತ್ತದೆ. ಬಂದವನು ಅದೇ ವ್ಯಾಪಾರದವನು. ದಿಮ್ಮಿಗಳನ್ನು ಬೆರಳಲ್ಲಿ ತಟ್ಟಿ ನೋಡಿ, "ಬಿಳಿ ಪೈನ್, ಇಂಥದ್ದು ಈಗ ಸಿಗೋದಿಲ್ಲ" ಅಂದ. ಹೇಳಿದ ಮೊತ್ತಕ್ಕೆ ಗಂಡನ ಕಣ್ಣು ಅರಳಿತು. ಒಂದು ತಿಂಗಳು ಟೈಮ್ ಕೊಡಿ ಅಂತ ನಾನು ಹೇಳಿದೆ.

ಯಾಕೆ ಹೇಳಿದೆ ಅಂದರೆ, ಒಂದು ವಿಷಯ ತಲೆ ತಿನ್ನುತ್ತಿತ್ತು. ಹಳೇ ಮನೆಯ ಪಾಯ ಟೇಪು ಹಿಡಿದು ಅಳೆದಿದ್ದೆ. ಇಪ್ಪತ್ತು ಅಡಿಗೆ ಹದಿನೆಂಟು ಅಡಿ. ಅಷ್ಟೇ. ನಮ್ಮ ಸಾಗರದ ಮನೆಯ ಜಗಲಿಯೇ ಅದಕ್ಕಿಂತ ದೊಡ್ಡದು. ಅಷ್ಟು ಚಿಕ್ಕ ಮನೆಯವನಿಗೆ ಇಷ್ಟು ದೊಡ್ಡ ಕೊಟ್ಟಿಗೆ ಯಾಕೆ ಬೇಕಿತ್ತು? ಒಳಗೆ ದನ ಕಟ್ಟುವ ಜಾಗ ನಾಲ್ಕಾರು ದನಕ್ಕೆ ಸಾಕಾಗುವಷ್ಟು ಮಾತ್ರ. ಮಿಕ್ಕಿದ್ದೆಲ್ಲ ಖಾಲಿ, ಹುಲ್ಲು ಒಟ್ಟುವ ಜಾಗ. ಸುತ್ತಲಿನ ನೆಲ ನೋಡಿದರೆ ಕಲ್ಲೋ ಕಲ್ಲು. ಕೆನಡಾದ ಈ ಭಾಗದಲ್ಲಿ ಹಳೇ ಬಂಡೆಯ ಮೇಲೆ ಒಂದು ಗೇಣು ಮಣ್ಣು ಇದ್ದರೆ ಪುಣ್ಯ. ಹೊಲದ ಅಂಚಿನಲ್ಲಿ ಆಳೆತ್ತರದ ಕಲ್ಲಿನ ರಾಶಿಗಳು ಇವತ್ತಿಗೂ ಇವೆ, ಹೊಲದಿಂದ ಆರಿಸಿ ಹಾಕಿದ್ದು.

ಪಕ್ಕದ ಜಮೀನಿನ ಮುದುಕರನ್ನು ಕೇಳಿದೆ. ಎಂಬತ್ತು ದಾಟಿದವರು, ಐರಿಷ್ ಮೂಲದವರು. ಮಾತು ಕಮ್ಮಿ. "ಹುಲ್ಲು ನಮ್ಮ ದನಕ್ಕಲ್ಲಮ್ಮ, ಶಾಂಟಿಗೆ" ಅಂದರು, ಅಷ್ಟಕ್ಕೆ ಸುಮ್ಮನಾದರು.

ಶಾಂಟಿ ಅಂದರೆ ಇಲ್ಲಿಯ ಮಾತಿನಲ್ಲಿ ನಾಟಾ ಕಡಿಯುವವರ ಕ್ಯಾಂಪು. ನಮ್ಮ ಮಲೆನಾಡಿನಲ್ಲಿ ಕೂಪು ಅಂತೀವಲ್ಲ, ಹೆಚ್ಚು ಕಮ್ಮಿ ಅದೇ. ಆ ಒಂದು ಮಾತು ಹಿಡಿದುಕೊಂಡು ನಾನು ದಾಖಲೆ ಹುಡುಕಲು ಹೊರಟೆ. ಒಂದು ತಿಂಗಳು ಅಂದುಕೊಂಡಿದ್ದು ಎಂಟು ತಿಂಗಳಾಯಿತು.

ಶುರು ಮಾಡಿದ್ದು ಭೂ ದಾಖಲೆಯಿಂದ. ನಮ್ಮ ಕೌಂಟಿಯ ಕಚೇರಿ ಇದ್ದಿದ್ದು ಪೆಂಬ್ರೋಕ್‌ನಲ್ಲಿ. ಆದರೆ ಒಂಟಾರಿಯೊದಲ್ಲಿ 2020ರಲ್ಲಿ ಇಂಥ ಕಚೇರಿಗಳ ಕೌಂಟರುಗಳನ್ನೆಲ್ಲ ಮುಚ್ಚಿದ್ದಾರೆ. ಹಳೇ ಪುಸ್ತಕಗಳ ಸ್ಕ್ಯಾನ್ ಮನೆಯಲ್ಲೇ ಕೂತು ನೋಡಬಹುದು. ಲಾಟು ಅಂದರೆ ಅಳೆದು ನಂಬರು ಕೊಟ್ಟ ಒಂದು ತುಂಡು ಜಮೀನು, ಪ್ರತಿ ಲಾಟಿಗೂ ಪುಸ್ತಕದಲ್ಲಿ ಒಂದು ಪುಟ. ಮೊದಲ ಸಾಲಿನಲ್ಲಿ ಸರ್ಕಾರ ಯಾರಿಗೆ ಯಾವಾಗ ಹಕ್ಕುಪತ್ರ ಕೊಟ್ಟಿತು ಅಂತ. ಅದರ ಕೆಳಗೆ ಮಾರಿದ್ದು, ಅಡ ಇಟ್ಟಿದ್ದು, ಬಿಡಿಸಿಕೊಂಡಿದ್ದು, ವಿಲ್ ಬರೆದಿದ್ದು. ನಮ್ಮ ಪಹಣಿಯೂ ಋಣಭಾರ ಪತ್ರವೂ ಒಂದೇ ಪುಟದಲ್ಲಿ ಸಿಕ್ಕ ಹಾಗೆ. ಊರಲ್ಲಿ ತಾಲೂಕಾಫೀಸಿಗೆ ಅಪ್ಪನ ಜೊತೆ ಅಲೆದ ನನಗೆ ಇದು ಸ್ವರ್ಗ ಅನ್ನಿಸಿತು. ಎರಡೇ ದಿನ.

ಮೂರನೇ ದಿನ ಗೊತ್ತಾಯಿತು, ನಾನು ನೋಡುತ್ತಿದ್ದಿದ್ದು ಬೇರೆ ಯಾರದೋ ಜಮೀನು. ಒಂಟಾರಿಯೊದ ಊರುಗಳಲ್ಲಿ ನೆಲವನ್ನು ಸಾಲು ಸಾಲಾಗಿ ಅಳೆದು, ಸಾಲಿಗೊಂದು ನಂಬರು, ಸಾಲಿನೊಳಗಿನ ಲಾಟಿಗೊಂದು ನಂಬರು ಕೊಡುತ್ತಾರೆ. ನಾನು ಹಾಗೇ ಹುಡುಕಿದ್ದೆ. ಆದರೆ ಓಪಿಯಾಂಗೊ ರಸ್ತೆಯ ಪಕ್ಕದ ಲಾಟುಗಳಿಗೆ ಆ ಲೆಕ್ಕವಿಲ್ಲ. ರಸ್ತೆ ಮೊದಲು, ಊರು ಆಮೇಲೆ. ಅವುಗಳಿಗೆ ರೇಂಜ್ ಅಂತ ಬೇರೆ ಲೆಕ್ಕ, ರಸ್ತೆಯ ಉತ್ತರಕ್ಕೊಂದು, ದಕ್ಷಿಣಕ್ಕೊಂದು. ಮೂರು ದಿನ ಯಾರದೋ ಪೂರ್ವಜರ ಸಾಲ ನೋಡಿ ಮರುಗಿದ್ದಾಯಿತು.

ಸರಿಯಾದ ಪುಟ ಸಿಕ್ಕ ಮೇಲೆ ಹೆಸರು ಸಿಕ್ಕಿತು. ಆ ಹೆಸರು ಇಲ್ಲಿ ಬರೆಯುವುದಿಲ್ಲ, ಆ ಮನೆತನದವರು ಈಗಲೂ ಸುತ್ತಮುತ್ತ ಇದ್ದಾರೆ. ಸುಮ್ನೆ "ನಮ್ಮವನು" ಅಂತ ಕರೆಯುತ್ತೇನೆ. ಮನೆಯಲ್ಲೂ ಹಾಗೇ ಕರೆದು ರೂಢಿಯಾಗಿದೆ. "ನಿಮ್ಮವನು ಇವತ್ತು ಏನು ಮಾಡಿದ?" ಅಂತ ಗಂಡ ಸಂಜೆ ಕಾಫಿ ಕುಡಿಯುತ್ತಾ ಕೇಳುತ್ತಿದ್ದ.

ನಮ್ಮವನು ಬಂದಿದ್ದು ಪುಕ್ಕಟೆ ಜಮೀನಿಗೆ. 1850ರ ದಶಕದಲ್ಲಿ ಅಂದಿನ ಕೆನಡಾ ಸರ್ಕಾರ ಕಾಡಿನೊಳಕ್ಕೆ ಇಂಥ ರಸ್ತೆಗಳನ್ನು ಕಡಿಸಿತು. ಹೇಸ್ಟಿಂಗ್ಸ್, ಆಡಿಂಗ್ಟನ್, ಬಾಬ್‌ಕೇಜನ್, ಮಸ್ಕೋಕ, ಹೀಗೆ ಹಲವು. ನಮ್ಮ ಓಪಿಯಾಂಗೊ ಶುರುವಾಗುವುದು ಒಟ್ಟಾವಾ ನದಿಯ ದಡದಲ್ಲಿ. ರೆನ್‌ಫ್ರೂ ಊರು ದಾಟಿ ಗುಡ್ಡ ಹತ್ತಿ ಪಶ್ಚಿಮಕ್ಕೆ ಹೋಗುತ್ತದೆ. ಓಪಿಯಾಂಗೊ ಕೆರೆಯ ತನಕ ಹೋಗಬೇಕಿತ್ತು, ಹೋಗಲೇ ಇಲ್ಲ, ಹೆಸರು ಮಾತ್ರ ಉಳಿಯಿತು. ರಸ್ತೆಯ ಪಕ್ಕ 100 ಎಕರೆ ಬಿಟ್ಟಿ. ಟಿ.ಪಿ. ಫ್ರೆಂಚ್ ಎಂಬ ಸರ್ಕಾರಿ ಏಜೆಂಟ್ 1857ರಲ್ಲಿ, ಬರುವವರಿಗೆ ತಿಳಿಯಲಿ ಅಂತ ಒಂದು ಪುಸ್ತಿಕೆಯನ್ನೇ ಅಚ್ಚು ಹಾಕಿಸಿದ.

ಷರತ್ತುಗಳಿದ್ದವು. ವಯಸ್ಸು 18 ಆಗಿರಬೇಕು. ಒಂದು ತಿಂಗಳೊಳಗೆ ಬಂದು ಜಾಗ ಹಿಡಿಯಬೇಕು. ನಾಲ್ಕು ವರ್ಷದಲ್ಲಿ ಕನಿಷ್ಠ 12 ಎಕರೆ ಸಾಗುವಳಿ ಮಾಡಬೇಕು. ಜಾಗದಲ್ಲಿ ವಾಸ ಇರಬೇಕು. ಮತ್ತು ಒಂದು ಮನೆ ಕಟ್ಟಬೇಕು, ಕನಿಷ್ಠ 20 ಅಡಿಗೆ 18 ಅಡಿ.

ಇದನ್ನು ಓದಿದ ರಾತ್ರಿ ನಾನು ಜೋರಾಗಿ ನಕ್ಕುಬಿಟ್ಟೆ. ಕಾನೂನು ಕೇಳಿದ್ದಕ್ಕಿಂತ ಒಂದು ಇಂಚು ಜಾಸ್ತಿ ಕಟ್ಟಿರಲಿಲ್ಲ ಪುಣ್ಯಾತ್ಮ! ನಮ್ಮೂರಲ್ಲಿ ಬಗರ್ ಹುಕುಂ ಅರ್ಜಿ ಹಾಕಿದವರು ಸಾಹೇಬರು ನೋಡಲು ಬರುವ ಮುಂಚೆ ಒಂದು ಗುಡಿಸಲು ಎಬ್ಬಿಸಿ, ನಾಲ್ಕು ಬಾಳೆ ನೆಡುವುದು ನೆನಪಾಯಿತು. ಸಾಗುವಳಿದಾರನ ಬುದ್ಧಿ ಎಲ್ಲ ದೇಶದಲ್ಲೂ ಒಂದೇ, ಅಲ್ವಾ?

ಬಿಟ್ಟಿ ಅನ್ನುವ ಮಾತಿನ ಬಗ್ಗೆ ಒಂದು ತಕರಾರು ಇದೆ. ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಒಟ್ಟಾವಾ ನದಿಯ ಈ ಕಣಿವೆ ಇಲ್ಲಿಯ ಮೂಲನಿವಾಸಿಗಳಾದ ಆಲ್ಗೊಂಕ್ವಿನ್ ಜನರ ನೆಲ. ಅವರು ಇದನ್ನು ಒಪ್ಪಂದ ಮಾಡಿ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅವರು ಅರ್ಜಿಯ ಮೇಲೆ ಅರ್ಜಿ ಬರೆದರು. ಕೊನೆಗೆ 1873ರಲ್ಲಿ ಗೋಲ್ಡನ್ ಲೇಕ್ ದಡದಲ್ಲಿ ಒಂದು ಚಿಕ್ಕ ತುಂಡು ಮೀಸಲಾಯಿತು, ಈಗಿನ ಪಿಕ್ವಾಕನಗನ್. ನಮ್ಮ ಜಾಗದಿಂದ ಅದು ದೂರವೇನಿಲ್ಲ. ನಮ್ಮ ಲಾಟಿನ ಪುಟದ ಮೊದಲ ಸಾಲಿನಲ್ಲಿ ಕೊಟ್ಟವರು ಅನ್ನುವ ಕಡೆ "ಕ್ರೌನ್", ಅಂದರೆ ಸರ್ಕಾರ, ಅಂತಿದೆ. ಕ್ರೌನಿಗೆ ಯಾರು ಕೊಟ್ಟರು ಅಂತ ಹೇಳುವ ಸಾಲು ಪುಸ್ತಕದಲ್ಲಿಲ್ಲ.

ಹೆಸರು ಸಿಕ್ಕ ಮೇಲೆ ಜನಗಣತಿ. ನನ್ನ ಕೆಲಸಕ್ಕೆ ನಿಜವಾಗಿ ಜೀವ ಬಂದಿದ್ದು ಇಲ್ಲಿ. 1861ರ ಮತ್ತು 1871ರ ಗಣತಿಯಲ್ಲಿ ಬರೀ ತಲೆ ಎಣಿಸಿಲ್ಲ, ಬೆಳೆಯನ್ನೂ ಎಣಿಸಿದ್ದಾರೆ. 1871ರದ್ದಂತೂ ಒಂಬತ್ತು ಪಟ್ಟಿ. ಒಂದರಲ್ಲಿ ಜನ, ಒಂದರಲ್ಲಿ ಆ ವರ್ಷ ಸತ್ತವರು, ಒಂದರಲ್ಲಿ ಗಾಡಿ ನೇಗಿಲು, ನಾಲ್ಕನೆಯದರಲ್ಲಿ ಹೊಲ ಮತ್ತು ಬೆಳೆ, ಐದನೆಯದರಲ್ಲಿ ದನಕರು, ಬೆಣ್ಣೆ, ಉಣ್ಣೆ, ಏಳನೆಯದರಲ್ಲಿ ಕಾಡಿನ ಉತ್ಪನ್ನ. ತೊಂದರೆ ಏನು ಅಂದರೆ ಬೆಳೆ ಪಟ್ಟಿಯಲ್ಲಿ ಹೆಸರು ಹುಡುಕಲು ಬರುವುದಿಲ್ಲ. ಮೊದಲ ಪಟ್ಟಿಯಲ್ಲಿ ಮನುಷ್ಯ ಯಾವ ಪುಟ, ಯಾವ ಸಾಲಿನಲ್ಲಿದ್ದಾನೆ ಅಂತ ಬರೆದುಕೊಂಡು, ಆ ಪುಟ ಮತ್ತು ಸಾಲಿನ ನಂಬರನ್ನು ಬೇರೆ ಪಟ್ಟಿಗಳಲ್ಲಿ ಹುಡುಕಬೇಕು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಮೂರು ವಾರ ಕಳೆದ ಮೇಲೆ ತಲೆಗೆ ಹೊಳೆಯಿತು. ಇಂಥ ಕೆಲಸಕ್ಕೆ ಇಳಿಯುವವರು ಇದೊಂದನ್ನು ನೆನಪಿಟ್ಟುಕೊಳ್ಳಿ, ಮೂರು ವಾರ ಉಳಿಯುತ್ತದೆ.

ಹೆಸರಿನ ಕಾಗುಣಿತವಂತೂ ಕೇಳಬೇಡಿ. ಎಣಿಸಲು ಬಂದವನಿಗೆ ಕೇಳಿಸಿದ್ದೇ ಹೆಸರು. ನಮ್ಮವನು ಒಂದು ಗಣತಿಯಲ್ಲಿ ಒಂದು ಥರ, ಹತ್ತು ವರ್ಷದ ನಂತರ ಇನ್ನೊಂದು ಥರ. ಹೆಂಡತಿಯ ಹೆಸರು ಹೊಂದಿದ್ದರಿಂದ ಅವನೇ ಅಂತ ಖಾತ್ರಿಯಾಯಿತು. ನನ್ನ ಹೆಸರನ್ನು ಇಲ್ಲಿಯ ಕಾಫಿ ಅಂಗಡಿಯವರು ಕಪ್ಪಿನ ಮೇಲೆ ಬರೆಯುವುದನ್ನು ನೋಡಿದವಳು ನಾನು. ಅವನ ಬಗ್ಗೆ ಕನಿಕರ ಹುಟ್ಟಿತು.

1861ರಲ್ಲಿ ನಮ್ಮವನ ಸ್ಥಿತಿ ಏನೂ ಇಲ್ಲ. ನೂರೆಕರೆಯಲ್ಲಿ ಸಾಗುವಳಿ ಆಗಿದ್ದು ಒಂಬತ್ತು ಎಕರೆ. ಒಂದು ಜೊತೆ ಎತ್ತು, ಒಂದು ಹಸು. ಆಲೂಗಡ್ಡೆ, ಸ್ವಲ್ಪ ಓಟ್ಸ್. ಆ ವರ್ಷದ ಪಟ್ಟಿಯಲ್ಲಿ "200 ಪೌಂಡಿನ ಪೀಪಾಯಿಯಲ್ಲಿ ಹಂದಿ ಮಾಂಸ" ಅಂತಲೇ ಒಂದು ಕಾಲಂ ಇದೆ. ಉಪ್ಪು ಹಾಕಿದ ಹಂದಿ ಮಾಂಸದ ಪೀಪಾಯಿ ಅಂದರೆ ಆ ಕಾಲದ ದುಡ್ಡು, ಕ್ಯಾಂಪಿನ ಮುಖ್ಯ ಊಟವೇ ಅದು. ನಮ್ಮವನ ಸಾಲಿನಲ್ಲಿ ಅಲ್ಲಿ ಖಾಲಿ.

1871ಕ್ಕೆ ಬಂದರೆ ಬೇರೆಯೇ ಮನುಷ್ಯ. ಸಾಗುವಳಿ ನಲವತ್ತು ಎಕರೆ. ಎತ್ತು ಹೋಗಿ ಎರಡು ಕುದುರೆ ಬಂದಿವೆ. ನಾಲ್ಕು ಹಸು, ಎರಡು ಕರು. ಗೋಧಿ ಬಹಳ ಕಮ್ಮಿ. ಓಟ್ಸ್ 420 ಬುಷೆಲ್. ಒಣಹುಲ್ಲು 22 ಟನ್.

ನಾನು ಕಾಗದ ಪೆನ್ನು ತಗೊಂಡು ಕೂತೆ. ಒಂದು ಬುಷೆಲ್ ಓಟ್ಸ್ ಅಂದರೆ 34 ಪೌಂಡ್. ಅವನ ಎರಡು ಕುದುರೆಗೆ ವರ್ಷಕ್ಕೆ ಇಷ್ಟು, ಬೀಜಕ್ಕೆ ಇಷ್ಟು, ಮನೆಯವರ ಗಂಜಿಗೆ ಇಷ್ಟು ಅಂತ ಧಾರಾಳವಾಗಿ ಕಳೆದರೂ 280 ಬುಷೆಲ್ ಉಳಿಯಿತು. ಹುಲ್ಲೂ ಹಾಗೇ, ಅವನ ದನ ಕುದುರೆ ಚಳಿಗಾಲ ಪೂರ್ತಿ ಮೆಂದರೂ ಏಳೆಂಟು ಟನ್ ಮಿಗುತ್ತದೆ. ಗೋಧಿ ಬೆಳೆಯುವ ಯೋಗ್ಯತೆ ಇಲ್ಲದ ನೆಲದಲ್ಲಿ ಈ ಮನುಷ್ಯ ಮೇವು ಬೆಳೆಯುತ್ತಿದ್ದ, ಬೇರೆಯವರ ಕುದುರೆಗೆ.

ಯಾರ ಕುದುರೆ ಅಂತ ತಿಳಿಯಲು ಶಾಂಟಿ ಹೇಗಿತ್ತು ಅಂತ ನೋಡಬೇಕಿತ್ತು. ಆಲ್ಗೊಂಕ್ವಿನ್ ಪಾರ್ಕಿನ ಪೂರ್ವ ದ್ವಾರದ ಹತ್ತಿರ ನಾಟಾ ಕೆಲಸದ ಬಯಲು ಮ್ಯೂಸಿಯಂ ಇದೆ. ಕಾಡಿನೊಳಗೆ ಒಂದು ಕಾಲುದಾರಿ, ದಾರಿಯುದ್ದಕ್ಕೂ ಹಳೇ ಕಾಲದ ಒಂದೊಂದು ಕೆಲಸದ ಮಾದರಿ. ಅದರಲ್ಲಿ ಹಳೇ ಕ್ಯಾಂಪಿನ ಮನೆಯನ್ನು ಮತ್ತೆ ಕಟ್ಟಿ ಇಟ್ಟಿದ್ದಾರೆ. ಕಿಟಕಿ ಇಲ್ಲದ ಒಂದೇ ಕೋಣೆ, ನಡುವೆ ಮರಳು ತುಂಬಿದ ದೊಡ್ಡ ಒಲೆಗುಂಡಿ, ಅದರ ಮೇಲೆ ಮಾಡಿನಲ್ಲಿ ದೊಡ್ಡ ತೂತು. ಹೊಗೆ ಹೋಗಲು ಅದೇ, ಬೆಳಕು ಬರಲು ಅದೇ. ಸುತ್ತ ಗೋಡೆಗೆ ಎರಡು ಅಂತಸ್ತಿನ ಹಲಗೆ ಮಂಚ, ಐವತ್ತು ಜನ ಮಲಗುವಷ್ಟು. ಕಬ್ಬಿಣದ ಪಾತ್ರೆಯಲ್ಲಿ ಹುರುಳಿಕಾಳಿನಂಥ ಬೀನ್ಸ್, ಹಂದಿಯ ಕೊಬ್ಬು ಹಾಕಿ, ಬಿಸಿ ಮರಳಿನೊಳಗೆ ಹೂತು ಇಡೀ ರಾತ್ರಿ ಬೇಯಿಸುತ್ತಿದ್ದರು. ರೊಟ್ಟಿಯೂ ಅದೇ ಮರಳಿನಲ್ಲಿ. ಜೊತೆಗೆ ಕಪ್ಪು ಚಹಾ. ಬೆಳಿಗ್ಗೆ ಅದು, ಮಧ್ಯಾಹ್ನ ಅದು, ರಾತ್ರಿ ಅದು.

ಒಳಗೆ ನಿಂತಾಗ ನನಗೆ ಬಚ್ಚಲೊಲೆಯ ವಾಸನೆ ನೆನಪಾಯಿತು. ಗಂಡನಿಗೆ ಸೀನು ಬಂತು.

ಈ ಜನ ಕಡಿಯುತ್ತಿದ್ದಿದ್ದು ಬಿಳಿ ಪೈನ್. ನೆಪೋಲಿಯನ್ ಯುರೋಪಿನ ಬಂದರುಗಳನ್ನು ಇಂಗ್ಲೆಂಡಿಗೆ ಮುಚ್ಚಿಸಿದ ಕಾಲದಲ್ಲಿ, ಹಡಗಿಗೆ ಮರ ಬೇಕಾಗಿ ಇಂಗ್ಲೆಂಡಿನ ಕಣ್ಣು ಈ ಕಡೆ ತಿರುಗಿತು. 1806ರಲ್ಲಿ ಫಿಲೆಮನ್ ರೈಟ್ ಎಂಬಾತ ಒಟ್ಟಾವಾ ನದಿಯಲ್ಲಿ ನಾಟಾದ ಮೊದಲ ತೆಪ್ಪ ಕಟ್ಟಿ ಕ್ವಿಬೆಕ್‌ಗೆ ತೇಲಿಬಿಟ್ಟ. ಅದಾಗಿ ನೂರು ವರ್ಷ ಇದೇ ಕೆಲಸ. ಚಳಿಗಾಲ ಪೂರ್ತಿ ಕಡಿಯುವುದು, ಹಿಮದ ಮೇಲೆ ಕುದುರೆ ಕಟ್ಟಿ ಹೊಳೆದಂಡೆಗೆ ಎಳೆಯುವುದು, ವಸಂತದಲ್ಲಿ ನೀರು ಏರಿದಾಗ ತೇಲಿಸುವುದು. ನಮ್ಮವನ ಕಾಲಕ್ಕೆ ಎಳೆಯುವುದು ಹೆಚ್ಚಾಗಿ ಕುದುರೆಯೇ. ಗೇಯುವ ಕುದುರೆಗೆ ಹುಲ್ಲೊಂದೇ ಸಾಲದು, ಓಟ್ಸ್ ಬೇಕು. ಎರಡು ದಿನಕ್ಕೆ ಒಂದು ಬುಷೆಲ್ ಅಂತ ಹಿಡಿಯಿರಿ. ಇಪ್ಪತ್ತು ಕುದುರೆ ಇರುವ ಕ್ಯಾಂಪು ಅಂದುಕೊಂಡರೆ ದಿನಕ್ಕೆ ಹತ್ತು ಬುಷೆಲ್. ನಮ್ಮವನ ಒಂದು ವರ್ಷದ ಮಿಗತೆ ಅಷ್ಟೂ ಇಪ್ಪತ್ತೆಂಟು ದಿನಕ್ಕೆ ಖಾಲಿ!

ಅಂದರೆ ಬೇಡಿಕೆಗೆ ಕೊನೆಯೇ ಇರಲಿಲ್ಲ. ಹುಲ್ಲು ಬೇರೆ ಹೊರೆ ದೊಡ್ಡದು, ತೂಕ ಕಮ್ಮಿ. ಅದನ್ನು ದೂರದ ಊರಿಂದ ಗುಡ್ಡ ಹತ್ತಿಸಿ ತಂದರೆ ತರುವ ಕುದುರೆಯೇ ಅರ್ಧ ತಿಂದು ಮುಗಿಸುತ್ತದೆ. ಹತ್ತಿರದಲ್ಲಿ ಬೆಳೆದವನಿಗೆ ಕೇಳಿದ ಬೆಲೆ. ಏಜೆಂಟ್ ಫ್ರೆಂಚ್ ಹೊಸಬರಿಗೆ ತೋರಿಸಿದ ಆಸೆಯೂ ಇದೇ. ಶಾಂಟಿಗಳು ಪಕ್ಕದಲ್ಲೇ ಇವೆ, ಬೆಳೆದದ್ದನ್ನು ಅಲ್ಲೇ ಮಾರಬಹುದು ಅಂತ. ಅವನು ಸುಳ್ಳು ಹೇಳಲಿಲ್ಲ. ಮರ ಮುಗಿದ ಮೇಲೆ ಏನು ಅಂತ ಹೇಳಲಿಲ್ಲ, ಅಷ್ಟೇ.

ಸಾಗಿಸುವುದು ಚಳಿಗಾಲದಲ್ಲಿ. ನನಗೆ ಮೊದಲು ಇದು ಉಲ್ಟಾ ಅನ್ನಿಸಿತ್ತು. ಮೈನಸ್ ಮೂವತ್ತರಲ್ಲಿ ಯಾರು ಗಾಡಿ ಕಟ್ಟುತ್ತಾರೆ? ಆದರೆ ಬೇಸಿಗೆಯಲ್ಲಿ ಈ ರಸ್ತೆ ಬೊಡ್ಡೆ, ಕಲ್ಲು, ಕೆಸರು. ಮರದ ದಿಮ್ಮಿ ಅಡ್ಡಡ್ಡ ಹಾಸಿದ ಜೌಗು. ಹಿಮ ಬಿದ್ದರೆ ಎಲ್ಲ ಸಮ. ಚಕ್ರ ಕಳಚಿ ಜಾರುಗಾಡಿ ಕಟ್ಟಿದರೆ ಎರಡು ಕುದುರೆ ಆರಾಮಾಗಿ ಎಳೆಯುತ್ತವೆ. ಕ್ಯಾಂಪಿಗೆ ಸಾಮಾನು ಹೋಗುವ ದಾರಿಗೆ ಇಲ್ಲಿಯವರು ಕ್ಯಾಜ್ ರೋಡ್ ಅಂತಿದ್ದರು. ಪಕ್ಕದ ಮನೆಯ ಮುದುಕರು, ಅವರ ಅಜ್ಜಿ ಹೇಳುತ್ತಿದ್ದರಂತೆ, ಜನವರಿಯಲ್ಲಿ ರಾತ್ರಿಯೆಲ್ಲ ರಸ್ತೆಯಲ್ಲಿ ಗಾಡಿ ಗಂಟೆಯ ಸದ್ದು ಅಂತ. ಹುಲ್ಲು ಇಳಿಸಿದ ಮೇಲೆ ಎಷ್ಟೋ ರೈತರು ಅಲ್ಲೇ ನಿಂತು, ಅದೇ ಕುದುರೆ ಕಟ್ಟಿ, ಮಾರ್ಚ್ ತನಕ ನಾಟಾ ಎಳೆದು ಕೂಲಿ ತಗೊಂಡು ಬರುತ್ತಿದ್ದರು.

ಆಗ ಮನೆಯಲ್ಲಿ ಯಾರು? ಹೆಂಡತಿ, ಮಕ್ಕಳು, ಆ ನಾಲ್ಕು ಹಸು. ಗಣತಿಯ ಐದನೇ ಪಟ್ಟಿಯಲ್ಲಿ ಬೆಣ್ಣೆಯ ಕಾಲಂ ಇದೆ, ಮನೆಯಲ್ಲಿ ನೇಯ್ದ ಬಟ್ಟೆಯ ಕಾಲಂ ಇದೆ. ಎರಡರಲ್ಲೂ ಅಂಕಿ ಇದೆ. ಅದು ಅವಳ ದುಡಿಮೆ. ಸಾಲಿನ ಮುಂದೆ ಇರುವುದು ಗಂಡನ ಹೆಸರು.

ಇಷ್ಟೆಲ್ಲ ಆದರೂ ನನ್ನ ಹತ್ತಿರ ಇದ್ದಿದ್ದು ಊಹೆ. ಮಿಕ್ಕ ಹುಲ್ಲು ಕ್ಯಾಂಪಿಗೇ ಹೋಯಿತು ಅನ್ನುವುದಕ್ಕೆ ಒಂದು ಚೀಟಿಯಾದರೂ ಬೇಕಲ್ಲ. ಒಟ್ಟಾವಾದಲ್ಲಿ ರಾಷ್ಟ್ರೀಯ ಗ್ರಂಥಾಲಯ ಮತ್ತು ದಾಖಲೆಗಳ ಭಂಡಾರ ಇದೆ. ಕಾರ್ಡು ಮಾಡಿಸಿ, ಮುಂಚಿತವಾಗಿ ಪೆಟ್ಟಿಗೆ ತರಿಸಿಡಲು ಬರೆದು, ರಜೆ ಹಾಕಿ ಹೋದೆ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಒಂದು ನಾಟಾ ವ್ಯಾಪಾರದವರ ಹಳೇ ಲೆಕ್ಕದ ಪುಸ್ತಕ ಬಂತು. ನಾಲ್ಕು ದಿನ ಓದಿದೆ. ಹುಲ್ಲು, ಓಟ್ಸ್, ಆಲೂಗಡ್ಡೆ, ಕೊಡಲಿ ಕಾವು, ಬೆಲ್ಲದ ಪಾಕದಂಥ ಮೊಲಾಸಿಸ್, ಹಂದಿ ಮಾಂಸ. ಪಕ್ಕದಲ್ಲಿ ಮಾರಿದ ರೈತರ ಹೆಸರು. ನಮ್ಮವನ ಹೆಸರು ಎಲ್ಲೂ ಇಲ್ಲ. ಯಾವ ಕಾಗುಣಿತದಲ್ಲೂ ಇಲ್ಲ.

ಬೇಜಾರಾಗಿ ಒಂದು ತಿಂಗಳು ಎಲ್ಲ ಮುಚ್ಚಿಟ್ಟೆ. ಅಷ್ಟರಲ್ಲಿ ಕೊಟ್ಟಿಗೆ ಕೇಳಿದವನು ಎರಡು ಸಲ ಫೋನ್ ಮಾಡಿದ. ಎರಡನೇ ಸಲ ಬೆಲೆ ಏರಿಸಿದ.

ಉತ್ತರ ಇದ್ದಿದ್ದು ನಾನು ಆಗಲೇ ತೆಗೆದು ನೋಡಿದ್ದ ಪುಟದಲ್ಲೇ. ನಮ್ಮ ಲಾಟಿನ ಪುಟದಲ್ಲಿ, ಹಕ್ಕುಪತ್ರದ ಸಾಲಿನ ಕೆಳಗೆ, ಒಂದು ಅಡಮಾನ. ಕೊಟ್ಟವನು ಬ್ಯಾಂಕಲ್ಲ, ಊರಿನ ಅಂಗಡಿಯವನು. ಎರಡು ವರ್ಷದಲ್ಲಿ ಬಿಡಿಸಿಕೊಂಡಿದ್ದಾನೆ. ಮತ್ತೆ ಅವನ ಹತ್ತಿರವೇ ಅಡ. ಮತ್ತೆ ಬಿಡುಗಡೆ. ನಾನು ಇದನ್ನು ಬರೀ ಸಾಲ ಅಂದುಕೊಂಡು ದಾಟಿ ಹೋಗಿದ್ದೆ. ಆದರೆ ಇಂಥ ಊರುಗಳಲ್ಲಿ ನಗದು ಓಡಾಡುತ್ತಿದ್ದಿದ್ದು ಕಮ್ಮಿ. ರೈತ ಹಿಟ್ಟು, ಚಹಾ, ಬಟ್ಟೆ, ಮೊಳೆ ಅಂಗಡಿಯಲ್ಲಿ ಕಡ ತರುತ್ತಾನೆ. ಹುಲ್ಲು, ಓಟ್ಸ್ ಅಂಗಡಿಯವನಿಗೆ ಕೊಡುತ್ತಾನೆ. ಅಂಗಡಿಯವನು ನಾಟಾ ಕಂಪನಿಗೆ ಒಟ್ಟಿಗೆ ಮಾರುತ್ತಾನೆ. ಕಂಪನಿಯ ಪುಸ್ತಕದಲ್ಲಿ ಅಂಗಡಿಯವನ ಹೆಸರು ಇರುತ್ತದೆ, ರೈತನದ್ದಲ್ಲ. ಆ ಅಂಗಡಿಯವನ ಹೆಸರು ಆ ಲೆಕ್ಕದ ಪುಸ್ತಕದಲ್ಲಿ ಇತ್ತು, ನನ್ನ ಪೆನ್ಸಿಲ್ ನೋಟಿನಲ್ಲೇ ಹನ್ನೊಂದು ಕಡೆ.

ನಮ್ಮ ಕಡೆ ಅಡಿಕೆ ಮಂಡಿ ಲೆಕ್ಕ ಗೊತ್ತಿದ್ದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಮಂಡಿಯಲ್ಲಿ ಮುಂಗಡ ತಂದು ಮದುವೆ ಮಾಡಿ, ಕೊಯ್ಲಾದ ಮೇಲೆ ಅಡಿಕೆ ಹಾಕಿ ತೀರಿಸುವ ಮನೆಯಲ್ಲೇ ಬೆಳೆದವಳು. ಆದರೂ ಪರದೇಶದ ಕಾಗದ ಅಂದ ತಕ್ಷಣ ಬುದ್ಧಿ ಬೇರೆ ಕಡೆ ಹೋಗುತ್ತದೆ. ಇದು ಕೋರ್ಟಿಗೆ ಸಾಲುವ ಸಾಕ್ಷಿಯಲ್ಲ, ಗೊತ್ತು. ನನಗೆ ಸಾಕು.

ಕೊನೆಯ ಭಾಗ ಬೇಗ ಮುಗಿಯಿತು, ಯಾಕೆಂದರೆ ದಾಖಲೆಯೇ ಇಲ್ಲ. 1881ರ ಮತ್ತು 1891ರ ಗಣತಿಯ ಬೆಳೆ ಪಟ್ಟಿಗಳು ಉಳಿದಿಲ್ಲ, ಜನರ ಪಟ್ಟಿ ಮಾತ್ರ ಇದೆ. ಆ ದೊಡ್ಡ ಕೊಟ್ಟಿಗೆ ಎದ್ದಿದ್ದು ಆ ವರ್ಷಗಳಲ್ಲೇ ಅಂತ ನನ್ನ ಅಂದಾಜು. 1890ರ ದಶಕದಲ್ಲಿ ಒಟ್ಟಾವಾದ ನಾಟಾ ದೊರೆ ಜೆ.ಆರ್. ಬೂತ್ ತನ್ನ ರೈಲು ಮಾರ್ಗ ಹಾಕಿಸಿದ. ಅದು ಗೋಲ್ಡನ್ ಲೇಕ್, ವಿಲ್ನೋ, ಬ್ಯಾರೀಸ್ ಬೇ ಹಿಡಿದು ಹೋಯಿತು. ನಮ್ಮ ಗುಡ್ಡದ ಮೇಲಿನ ರಸ್ತೆ, ಬ್ರೂಡನೆಲ್ ಎರಡೂ ಪಕ್ಕಕ್ಕೆ ಉಳಿದವು. ಹುಲ್ಲು, ಓಟ್ಸ್, ಹಿಟ್ಟು ಒಳ್ಳೆ ಮಣ್ಣಿನ ಊರುಗಳಿಂದ ರೈಲಿನಲ್ಲಿ ಸೀದಾ ಕ್ಯಾಂಪಿನ ಹತ್ತಿರಕ್ಕೇ ಬರತೊಡಗಿತು. ಕ್ಯಾಂಪೂ ಪೈನ್ ಹುಡುಕಿಕೊಂಡು ಪಶ್ಚಿಮಕ್ಕೆ, ಉತ್ತರಕ್ಕೆ ಸರಿಯಿತು. 1908ರಲ್ಲಿ ಚೌಕ ದಿಮ್ಮಿಗಳ ಕೊನೆಯ ತೆಪ್ಪ ನದಿಯಲ್ಲಿ ಇಳಿದು ಹೋಯಿತು. ನಮ್ಮವನ ಮಕ್ಕಳಲ್ಲಿ ಒಬ್ಬನ ಉದ್ಯೋಗದ ಕಾಲಂನಲ್ಲಿ "ಶಾಂಟಿಮ್ಯಾನ್" ಅಂತಿದೆ. ಅಪ್ಪ ಹುಲ್ಲು ಕೊಟ್ಟ, ಮಗ ಕೊಡಲಿ ಹಿಡಿದ. ಲಾಟಿನ ಪುಟದಲ್ಲಿ ಆಮೇಲೆ ಒಂದು ವಿಲ್, ಒಂದು ಮಾರಾಟ, ಇನ್ನೊಂದು ಮಾರಾಟ. ಕಡೆಗೆ ನಮ್ಮ ಹೆಸರು, ಅದನ್ನೂ ತಪ್ಪು ಕಾಗುಣಿತದಲ್ಲಿ ಬರೆದಿದ್ದರು, ತಿದ್ದಿಸಬೇಕಾಯಿತು.

ಈ ಕತೆಯನ್ನೆಲ್ಲ ವಾರಕ್ಕೊಮ್ಮೆ ಅಪ್ಪನಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಒಂದು ದಿನ ಅಪ್ಪ, "ಇದೇನು ಹೊಸ ವಿಷಯ ಮಾರಾಯ್ತಿ, ನಿನ್ನ ಅಜ್ಜ ಮಾಡಿದ್ದೂ ಇದೇ ಅಲ್ವಾ" ಅಂದರು. ನನಗೆ ಗೊತ್ತೇ ಇರಲಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಕಟ್ಟುವಾಗ ಅಜ್ಜ ಆರು ಎಮ್ಮೆ ಸಾಕಿ, ಕ್ಯಾಂಪಿಗೆ ಹಾಲು, ಮಜ್ಜಿಗೆ, ಬಸಳೆ ಸೊಪ್ಪು ಹಾಕುತ್ತಿದ್ದರಂತೆ. ಕೊಟ್ಟಿಗೆ ಉದ್ದ ಮಾಡಿಸಿದ್ದೂ ಆಗಲೇ ಅಂತೆ. 1964ರಲ್ಲಿ ಅಣೆಕಟ್ಟು ಮುಗಿಯಿತು, ಕೂಲಿಯವರು ಗಂಟು ಮೂಟೆ ಕಟ್ಟಿದರು.

"ಆಮೇಲೆ ಏನು ಮಾಡಿದ್ರು ಅಜ್ಜ?"

"ಏನು ಮಾಡೋದು? ನಾಲ್ಕು ಎಮ್ಮೆ ಮಾರಿದ್ರು. ಉದ್ದ ಮಾಡಿಸಿದ ಕೊಟ್ಟಿಗೆಯಲ್ಲಿ ನಾವು ಗೋಲಿ ಆಡಿದ್ವಿ."

ಕೊಟ್ಟಿಗೆ ಮಾರಲಿಲ್ಲ. ಭಾವನೆಗೆ ಕಟ್ಟುಬಿದ್ದು ಅಂತ ಗಂಡ ಎಲ್ಲರಿಗೂ ಹೇಳುತ್ತಾನೆ. ಅರ್ಧ ನಿಜ. ಇನ್ನರ್ಧ ಏನು ಅಂದರೆ, ಪಕ್ಕದ ಮನೆಯ ಮುದುಕರ ಮಗ ಬಂದು ಮಾಡಿಗೆ ತಗಡು ಹಾಕಲು ಕೈ ಸೇರಿಸುತ್ತೇನೆ, ಬದಲಿಗೆ ಹುಲ್ಲು ಇಡಲು ಜಾಗ ಕೊಡಿ ಅಂದ. ಈಗಿನ ದೊಡ್ಡ ಉರುಟು ಹುಲ್ಲಿನ ಸುರುಳಿಗಳು ಹಳೇ ಬಾಗಿಲಲ್ಲಿ ಹಿಡಿಸುವುದಿಲ್ಲ. ಅವನು ಕಟ್ಟುವುದು ಚಿಕ್ಕ ಚೌಕದ ಕಟ್ಟು. ಅದಕ್ಕೆ ಗಿರಾಕಿ ಒಟ್ಟಾವಾದ ಆಚೀಚೆ ಸವಾರಿಗೆ ಕುದುರೆ ಸಾಕಿದವರು. ಬೆಲೆ ಒಳ್ಳೇದು ಸಿಗುತ್ತದಂತೆ.

ಇದನ್ನೂ ಅಪ್ಪನಿಗೆ ಹೇಳಿದೆ.

"ಬಾಡಿಗೆ ಎಷ್ಟು ಕೊಡ್ತಾನೆ?"

"ವರ್ಷಕ್ಕೆ ಎರಡು ಬಾಟಲಿ ಮೇಪಲ್ ಸಿರಪ್."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. "ನಿನ್ನ ಅಜ್ಜ ಇದ್ದಿದ್ರೆ ನಾಲ್ಕಾದ್ರೂ ಕೇಳ್ತಿದ್ರು" ಅಂದರು.